ಪೋಸ್ಟ್‌ಫಿಕ್ಸ್ ಮೇಲ್ ಸರ್ವರಿನಲ್ಲಿ ಡಿಎನ್‌ಎಸ್ ಬ್ಲಾಕ್‌ಲಿಸ್ಟ್: ಸ್ಪ್ಯಾಮ್ ತಡೆಗೆ ಸಮಗ್ರ ಮಾರ್ಗದರ್ಶಿ

ಬಂದ ಮೇಲನ್ನೆಲ್ಲ ಒಳಗೆ ತೆಗೆದುಕೊಂಡು, ಒಂದೊಂದನ್ನೂ ಬಿಡಿಸಿ ಓದಿ, ಸ್ಪ್ಯಾಮ್ ಹೌದೋ ಅಲ್ಲವೋ ಎಂದು ತೂಗುವುದು ಸರ್ವರಿಗೆ ದುಬಾರಿ ಕೆಲಸ. ಸಿಪಿಯು ಬೇಕು, ಮೆಮೊರಿ ಬೇಕು, ಸಮಯವೂ ಬೇಕು. ಸ್ಪ್ಯಾಮಿನ ದೊಡ್ಡ ಪಾಲು ವೈರಸ್ ಹಿಡಿದ ಕಂಪ್ಯೂಟರುಗಳಿಂದ, ಕುಖ್ಯಾತ ನೆಟ್‌ವರ್ಕುಗಳಿಂದ ಬರುತ್ತದೆ. ಅಂಥವನ್ನು ಐಪಿ ವಿಳಾಸ ನೋಡಿಯೇ ಬಾಗಿಲಲ್ಲಿ ತಿರುಗಿಸಿ ಕಳಿಸಬಹುದು. ಆ ಐಪಿ ವಿಳಾಸಗಳ ಪಟ್ಟಿ ಇಟ್ಟು ಡಿಎನ್‌ಎಸ್ ಮೂಲಕ, ಅಂದರೆ ಹೆಸರು ಕೊಟ್ಟರೆ ಐಪಿ ವಿಳಾಸ ಹೇಳುವ ಇಂಟರ್ನೆಟ್ ವ್ಯವಸ್ಥೆಯ ಮೂಲಕ, ಯಾರು ಕೇಳಿದರೂ ಹೇಳುವ ಸೇವೆಯೇ ಡಿಎನ್‌ಎಸ್ ಬ್ಲಾಕ್‌ಲಿಸ್ಟ್, ಚಿಕ್ಕದಾಗಿ ಡಿಎನ್‌ಎಸ್‌ಬಿಎಲ್. 1997ರಲ್ಲಿ ಪಾಲ್ ವಿಕ್ಸಿ ಅವರ ಮ್ಯಾಪ್ಸ್ ಎಂಬ ಸ್ಪ್ಯಾಮ್ ವಿರೋಧಿ ಯೋಜನೆಯಿಂದ ಶುರುವಾದ ವಿಧಾನ ಇದು. ಇವತ್ತಿಗೂ ಇಷ್ಟು ಅಗ್ಗದ, ಇಷ್ಟು ಬೇಗ ಕೆಲಸ ಮಾಡುವ ಸ್ಪ್ಯಾಮ್ ತಡೆ ಬೇರೆ ಇಲ್ಲ ಎಂದೇ ನನ್ನ ಅನಿಸಿಕೆ.

ಆದರೆ ಒಂದು ಮಾತು ನೆನಪಿರಲಿ. ಪಟ್ಟಿ ಎಂದರೆ ಬೇರೆ ಯಾರದೋ ಅಭಿಪ್ರಾಯ. ಅದಕ್ಕೆ ಎಷ್ಟು ಬೆಲೆ ಕೊಡಬೇಕು ಎಂದು ತೀರ್ಮಾನಿಸುವವರು ನೀವು. ಹತ್ತು ಪಟ್ಟಿಗಳನ್ನು ಸಾಲಾಗಿ ಅಂಟಿಸಿ, ಯಾವುದರಲ್ಲಿ ಸಿಕ್ಕರೂ ಮೇಲ್ ತಳ್ಳಿಹಾಕು ಎಂದು ಬರೆದಿಟ್ಟರೆ, ಆ ಹತ್ತರಲ್ಲಿ ಅತಿ ಕೆಟ್ಟದಾಗಿ ನಡೆಯುವ ಪಟ್ಟಿಯೇ ನಿಮ್ಮ ಸರ್ವರಿನ ಯಜಮಾನ ಆಗಿಬಿಡುತ್ತದೆ. ಹಾಗಾಗಿ ಇಲ್ಲಿ ಹೇಳುವುದು ಅಂಕ ಕೊಟ್ಟು ತೂಗುವ ವಿಧಾನ.

ಉದಾಹರಣೆಗೆ ಡೆಬಿಯನ್ ಲಿನಕ್ಸ್ ಮೇಲೆ ನಡೆಯುವ ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸರ್ವರ್ ಸಾಫ್ಟ್‌ವೇರ್ ತೆಗೆದುಕೊಂಡಿದ್ದೇನೆ. ಸೆಟ್ಟಿಂಗುಗಳ ಹೆಸರು, ಕಮಾಂಡು ಎಲ್ಲವನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಫೈಲಿಗೆ ಹಾಕುವಾಗ ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಿ.

ಇದು ನಡೆಯುವ ಬಗೆ

203.0.113.25 ಎಂಬ ವಿಳಾಸದಿಂದ ಯಾರೋ ನಿಮ್ಮ ಸರ್ವರಿನ 25ನೇ ಪೋರ್ಟಿಗೆ, ಅಂದರೆ ಬೇರೆ ಸರ್ವರುಗಳು ಮೇಲ್ ತಂದು ಕೊಡುವ ಬಾಗಿಲಿಗೆ, ಬಂದರು ಎನ್ನಿ. ನಿಮ್ಮ ಸರ್ವರ್ ಆ ಅಂಕಿಗಳನ್ನು ತಿರುಗಿಸಿ, ಕೊನೆಗೆ ಪಟ್ಟಿಯ ಹೆಸರು ಸೇರಿಸುತ್ತದೆ. 25.113.0.203.ಜೆನ್.ಸ್ಪ್ಯಾಮ್‌ಹೌಸ್.ಆರ್ಗ್ ಎಂಬ ಹೆಸರು ತಯಾರಾಗುತ್ತದೆ. ಅದನ್ನು ಮಾಮೂಲಿ ವೆಬ್‌ಸೈಟಿನ ಹೆಸರು ಹುಡುಕುವ ಹಾಗೆಯೇ ಡಿಎನ್‌ಎಸ್‌ನಲ್ಲಿ ಕೇಳುತ್ತದೆ. ಅಂಥ ಹೆಸರೇ ಇಲ್ಲ ಎಂಬ ಉತ್ತರ ಬಂದರೆ ಆ ಐಪಿ ಪಟ್ಟಿಯಲ್ಲಿ ಇಲ್ಲ. 127ರಿಂದ ಶುರುವಾಗುವ ಒಂದು ವಿಳಾಸ ಬಂದರೆ ಇದೆ. ಐಪಿವಿ6 ಆದರೆ ಒಂದೊಂದು ಹೆಕ್ಸ್ ಅಂಕಿಯನ್ನೂ ಬಿಡಿಬಿಡಿಯಾಗಿ ತಿರುಗಿಸಬೇಕು. ಉಳಿದದ್ದು ಅದೇ.

ಬರುವ ಉತ್ತರಕ್ಕೂ ಅರ್ಥವಿದೆ. ಸ್ಪ್ಯಾಮ್‌ಹೌಸ್ ಎಂಬ ಸಂಸ್ಥೆ ನಡೆಸುವ ಜೆನ್ ಪಟ್ಟಿಯನ್ನೇ ನೋಡಿ. ಅದು ಹಲವು ಪಟ್ಟಿಗಳ ಮೊತ್ತ. 127.0.0.2 ಬಂದರೆ ಎಸ್‌ಬಿಎಲ್, ಅಂದರೆ ಪರಿಶೀಲಿಸಿ ಹಾಕಿದ ಸ್ಪ್ಯಾಮ್ ಮೂಲ. 127.0.0.3 ಬಂದರೆ ಸಿಎಸ್‌ಎಸ್, ತಂತ್ರಾಂಶವೇ ಗುರುತಿಸಿ ಹಾಕಿದ ಸ್ಪ್ಯಾಮ್ ಮೂಲ. 127.0.0.4 ಬಂದರೆ ಎಕ್ಸ್‌ಬಿಎಲ್, ಮಾಲ್‌ವೇರ್ ಹಿಡಿದ ಕಂಪ್ಯೂಟರ್. 127.0.0.10 ಅಥವಾ 11 ಬಂದರೆ ಪಿಬಿಎಲ್.

ಈ ಪಿಬಿಎಲ್ ಬಗ್ಗೆ ತುಂಬಾ ಜನ ತಪ್ಪು ತಿಳಿಯುತ್ತಾರೆ. ಅದರಲ್ಲಿ ಇರುವುದು ಮನೆಯ ಬ್ರಾಡ್‌ಬ್ಯಾಂಡ್, ಮೊಬೈಲ್ ಡೇಟಾದಂಥ ವಿಳಾಸಗಳು. ಅಲ್ಲಿಂದ ಯಾರೂ ನೇರವಾಗಿ ಬೇರೆಯವರ ಮೇಲ್ ಸರ್ವರಿಗೆ ಮೇಲ್ ಕಳಿಸುವ ಅಗತ್ಯವಿಲ್ಲ, ಅಷ್ಟೇ. ಅದು ಆರೋಪ ಅಲ್ಲ. ಹಾಸನದ ಮನೆಯ ಫೈಬರ್ ಲೈನಿನಲ್ಲಿ ಕೂತ ನಿಮ್ಮದೇ ಸಿಬ್ಬಂದಿಯ ಐಪಿ ಕೂಡ ಅದರಲ್ಲಿ ಇರಬಹುದು. ಅವರು ಮೇಲ್ ಕಳಿಸಲು 587 ಅಥವಾ 465ನೇ ಪೋರ್ಟಿಗೆ ಪಾಸ್‌ವರ್ಡ್ ಕೊಟ್ಟು ಬರುತ್ತಾರೆ. ಆ ಪೋರ್ಟುಗಳಲ್ಲಿ ಬ್ಲಾಕ್‌ಲಿಸ್ಟ್ ನೋಡಲೇಬಾರದು.

ಹೆಜ್ಜೆ 1: ಮೊದಲು ರಿಸಾಲ್ವರ್ ಸರಿಮಾಡಿ

ರಿಸಾಲ್ವರ್ ಎಂದರೆ ಸರ್ವರಿನ ಪರವಾಗಿ ಡಿಎನ್‌ಎಸ್ ಉತ್ತರ ಹುಡುಕಿ ಕೊಡುವ ಸೇವೆ. ಬಹಳಷ್ಟು ಮಂದಿ ಎಡವುವುದು ಇಲ್ಲೇ. ಸರ್ವರಿನಲ್ಲಿ 8.8.8.8 ಅಥವಾ 1.1.1.1 ಥರದ ಸಾರ್ವಜನಿಕ ಡಿಎನ್‌ಎಸ್ ಹಾಕಿರುತ್ತಾರೆ. ಆಗ ಪ್ರಶ್ನೆ ಕೇಳುತ್ತಿರುವುದು ಯಾರು ಎಂದು ಪಟ್ಟಿಯವರಿಗೆ ಗೊತ್ತಾಗುವುದಿಲ್ಲ. ಲಕ್ಷಾಂತರ ಜನರ ಪ್ರಶ್ನೆಗಳು ಒಂದೇ ಕಡೆಯಿಂದ ಬಂದ ಹಾಗೆ ಕಾಣುತ್ತವೆ. ಹಾಗಾಗಿ ಸ್ಪ್ಯಾಮ್‌ಹೌಸ್ ಅಂಥ ಕಡೆಗೆ ನಿಜವಾದ ಉತ್ತರ ಕೊಡುವುದಿಲ್ಲ. ಬದಲಿಗೆ 127.255.255.254 ಎಂಬ ಎರರ್ ಕೋಡ್ ಕಳಿಸುತ್ತದೆ. ಮಿತಿ ಮೀರಿ ಕೇಳಿದರೆ 127.255.255.255 ಬರುತ್ತದೆ. ಪಟ್ಟಿಯ ಹೆಸರು ತಪ್ಪಾಗಿ ಬರೆದಿದ್ದರೆ 127.255.255.252.

ಅಪಾಯ ಗೊತ್ತಾಯಿತಲ್ಲ? ಯಾವುದೇ ಉತ್ತರ ಬಂದರೂ ಪಟ್ಟಿಯಲ್ಲಿದೆ ಎಂದು ತಿಳಿಯುವ ಹಾಗೆ ಸೆಟ್ಟಿಂಗ್ ಇದ್ದರೆ, ಈ ಎರರ್ ಕೋಡನ್ನೂ ಪೋಸ್ಟ್‌ಫಿಕ್ಸ್ ಹಾಗೇ ಓದುತ್ತದೆ. ಆಮೇಲೆ ಜಗತ್ತಿನ ಎಲ್ಲ ಮೇಲೂ ವಾಪಸ್!

ಪರಿಹಾರ ಸುಲಭ. ಸರ್ವರಿನಲ್ಲೇ ಅನ್‌ಬೌಂಡ್ ಎಂಬ ರಿಸಾಲ್ವರ್ ಇನ್‌ಸ್ಟಾಲ್ ಮಾಡಿ. ಅದು ಬೇರೆ ಯಾರಿಗೂ ಫಾರ್ವರ್ಡ್ ಮಾಡದೆ ತಾನೇ ನೇರವಾಗಿ ಉತ್ತರ ಹುಡುಕುವ ಹಾಗಿರಬೇಕು. ಕಾನ್ಫಿಗರೇಶನ್‌ನಲ್ಲಿ ಫಾರ್ವರ್ಡ್-ಝೋನ್ ಭಾಗ ಇದ್ದರೆ ತೆಗೆಯಿರಿ. ಪ್ರೈವೇಟ್-ಅಡ್ರೆಸ್ ಸಾಲುಗಳಲ್ಲಿ 127.0.0.0/8 ಇದೆಯಾ ಅಂತಲೂ ನೋಡಿ. ಇದ್ದರೆ ಅನ್‌ಬೌಂಡ್ ಬ್ಲಾಕ್‌ಲಿಸ್ಟಿನ ಉತ್ತರಗಳನ್ನೇ ಸದ್ದಿಲ್ಲದೆ ಕಿತ್ತುಹಾಕುತ್ತದೆ. ಆಗ ಎಲ್ಲ ಐಪಿಯೂ ಒಳ್ಳೆಯದೇ ಎಂದು ಕಾಣುತ್ತದೆ. ಕಾರಣ ಹುಡುಕುವುದಕ್ಕೆ ತಲೆ ಕೆಡುತ್ತದೆ.

ನಂತರ ರಿಸಾಲ್ವ್.ಕಾನ್ಫ್ ಫೈಲಿನಲ್ಲಿ ನೇಮ್‌ಸರ್ವರ್ 127.0.0.1 ಎಂದು ಬದಲಿಸಿ. ಅಲ್ಲಿ 127.0.0.53 ಕಂಡರೆ ಸಿಸ್ಟಮ್‌ಡಿ-ರಿಸಾಲ್ವ್ಡ್ ಎಂಬ ಇನ್ನೊಂದು ರಿಸಾಲ್ವರ್ ನಡುವೆ ಕೂತಿದೆ ಎಂದರ್ಥ. ಅದನ್ನು ನಿಲ್ಲಿಸದಿದ್ದರೆ ಸಾಮಾನ್ಯವಾಗಿ ಹೋಸ್ಟಿಂಗ್ ಕಂಪನಿಯ ಡಿಎನ್‌ಎಸ್‌ಗೇ ಪ್ರಶ್ನೆ ಹೋಗುತ್ತದೆ. ಡೆಬಿಯನ್‌ನಲ್ಲಿ ಪೋಸ್ಟ್‌ಫಿಕ್ಸ್ ತನ್ನ ಕ್ರೂಟ್ ಫೋಲ್ಡರಿನೊಳಗೆ (ಸುರಕ್ಷತೆಗಾಗಿ ಬೇರ್ಪಡಿಸಿದ ಜಾಗ) ಈ ಫೈಲಿನ ಪ್ರತಿ ಇಟ್ಟುಕೊಂಡಿರಬಹುದು. ಹಾಗಾಗಿ ಬದಲಾವಣೆ ಆದ ಮೇಲೆ ಪೋಸ್ಟ್‌ಫಿಕ್ಸನ್ನು ರೀಸ್ಟಾರ್ಟ್ ಮಾಡಿ.

ಈಗ ಪರೀಕ್ಷೆ. ಎಲ್ಲ ಪಟ್ಟಿಗಳೂ 127.0.0.2 ವಿಳಾಸವನ್ನು ಪರೀಕ್ಷೆಗೆಂದೇ ಒಳಗೆ ಇಟ್ಟಿರಬೇಕು, 127.0.0.1 ಯಾವತ್ತೂ ಇರಬಾರದು. 2010ರ ಆರ್‌ಎಫ್‌ಸಿ 5782 ಹೇಳುವ ಕಟ್ಟಳೆ ಇದು. ಡಿಎನ್‌ಎಸ್ ಪ್ರಶ್ನೆ ಕೇಳುವ ಡಿಗ್ ಕಮಾಂಡಿಗೆ 2.0.0.127.ಜೆನ್.ಸ್ಪ್ಯಾಮ್‌ಹೌಸ್.ಆರ್ಗ್ ಕೊಡಿ. 127.0.0.2, 127.0.0.4, 127.0.0.10 ಎಂಬ ಮೂರು ಉತ್ತರ ಬಂದರೆ ದಾರಿ ಸರಿಯಿದೆ. 1.0.0.127 ಕೊಟ್ಟು ನೋಡಿದರೆ ಏನೂ ಸಿಗಬಾರದು.

ಅನ್‌ಬೌಂಡ್ ಹಾಕಿದ ಮೇಲೂ 254ರ ಎರರ್ ಬರುತ್ತಿದೆಯಾ? ಸರ್ವರ್ ದೊಡ್ಡ ಕ್ಲೌಡ್ ಕಂಪನಿಯದಾಗಿದ್ದು, ರಿವರ್ಸ್ ಡಿಎನ್‌ಎಸ್ ಹೆಸರು (ಐಪಿ ಕೊಟ್ಟು ಕೇಳಿದರೆ ಸಿಗುವ ಹೆಸರು) ಆ ಕಂಪನಿ ಕೊಟ್ಟ ಮಾಮೂಲಿ ಹೆಸರಾಗಿದ್ದರೂ ಹೀಗಾಗುತ್ತದೆ. ಸ್ಪ್ಯಾಮ್‌ಹೌಸ್‌ನಲ್ಲಿ ಹೆಸರು ನೋಂದಾಯಿಸಿ ಡಿಕ್ಯೂಎಸ್ ಕೀ, ಅಂದರೆ ನಿಮಗೆಂದೇ ಕೊಡುವ ಗುಟ್ಟಿನ ಗುರುತು, ತೆಗೆದುಕೊಳ್ಳಿ. ಆಗ ಪಟ್ಟಿಯ ಹೆಸರು ಮೊದಲು ನಿಮ್ಮ ಕೀ, ಒಂದು ಚುಕ್ಕಿ, ಆಮೇಲೆ ಜೆನ್.ಡಿಕ್ಯೂ.ಸ್ಪ್ಯಾಮ್‌ಹೌಸ್.ನೆಟ್ ಎಂದಾಗುತ್ತದೆ.

ಹೆಜ್ಜೆ 2: ಪಟ್ಟಿ ಆರಿಸಿಕೊಳ್ಳಿ

ಜೆನ್ ಒಂದನ್ನೇ ಹಾಕಿದರೂ ಸಾಕಷ್ಟು ಕೆಲಸ ಆಗುತ್ತದೆ. ಒಬ್ಬರ ಮಾತಿನ ಮೇಲೆ ಬಾಗಿಲು ಮುಚ್ಚಬಹುದು ಎನ್ನುವಷ್ಟು ನಂಬಿಕೆ ನನಗಿರುವುದು ಅದರ ಮೇಲೆ ಮಾತ್ರ. ಸಣ್ಣ ಮಟ್ಟದ, ವ್ಯಾಪಾರಕ್ಕಲ್ಲದ ಬಳಕೆಗೆ ಅದು ಉಚಿತ. ಕಂಪನಿಯ ಸರ್ವರ್ ಆದರೆ ಅವರ ನಿಯಮ ಓದಿಕೊಳ್ಳಿ.

ಬರಾಕುಡಾ ಪಟ್ಟಿಯೂ ಚೆನ್ನಾಗಿದೆ. ಆದರೆ ಮೊದಲು ನಿಮ್ಮ ರಿಸಾಲ್ವರಿನ ಐಪಿಯನ್ನು ಅವರಲ್ಲಿ ನೋಂದಾಯಿಸಬೇಕು. ಸ್ಪ್ಯಾಮ್‌ಕಾಪ್ ಜನರ ದೂರುಗಳನ್ನು ಹೆಚ್ಚು ನೆಚ್ಚಿಕೊಂಡಿರುವ ಪಟ್ಟಿ. ಹೊಸ ಸ್ಪ್ಯಾಮನ್ನು ಬೇಗ ಹಿಡಿಯುತ್ತದೆ, ಹಾಗೆಯೇ ದೊಡ್ಡ ಮೇಲ್ ಕಂಪನಿಗಳ ಸರ್ವರುಗಳೂ ಒಮ್ಮೊಮ್ಮೆ ಅದರಲ್ಲಿ ಸಿಕ್ಕಿಬೀಳುತ್ತವೆ. ಅದಕ್ಕೆ ಕಮ್ಮಿ ಅಂಕ ಕೊಡಬೇಕು. ಪಿಎಸ್‌ಬಿಎಲ್ ಸಣ್ಣ ಪಟ್ಟಿ, ಜೊತೆಗೆ ಇರಲಿ.

ಯುಸಿಇಪ್ರೊಟೆಕ್ಟ್‌ನ 2 ಮತ್ತು 3ನೇ ಹಂತಗಳನ್ನು ಮೇಲ್ ತಿರಸ್ಕರಿಸಲು ಬಳಸಬೇಡಿ. 3ನೇ ಹಂತದಲ್ಲಿ ಅವರು ಒಂದು ಹೋಸ್ಟಿಂಗ್ ಕಂಪನಿಯ ಇಡೀ ನೆಟ್‌ವರ್ಕನ್ನೇ ಪಟ್ಟಿಗೆ ಸೇರಿಸುತ್ತಾರೆ. ನಮ್ಮ ಕಡೆಯ ಶಾಲೆ, ಸಹಕಾರ ಸಂಘ, ಸಣ್ಣ ಅಂಗಡಿಗಳ ಮೇಲ್ ಹೆಚ್ಚಾಗಿ ಅಗ್ಗದ ಹಂಚಿಕೆ ಹೋಸ್ಟಿಂಗಿನಿಂದಲೇ ಬರುತ್ತದೆ ಅಲ್ವಾ? ಪಕ್ಕದವರು ಮಾಡಿದ ತಪ್ಪಿಗೆ ಅವರ ಬಿಲ್ಲು, ನೋಟಿಸು ನಿಮಗೆ ತಲುಪುವುದಿಲ್ಲ.

ಹಳೆಯ ಲೇಖನಗಳಿಂದ ಪಟ್ಟಿಯ ಹೆಸರು ಕಾಪಿ ಮಾಡುವಾಗ ಹುಷಾರು. ಸತ್ತ ಪಟ್ಟಿಗಳು ಸುಮ್ನೆ ಇರುವುದಿಲ್ಲ. ಓಆರ್‌ಡಿಬಿ 2006ರ ಡಿಸೆಂಬರಿನಲ್ಲಿ ಮುಚ್ಚಿತು. ಆಮೇಲೂ ಜನ ಕೇಳುವುದನ್ನು ನಿಲ್ಲಿಸಲಿಲ್ಲ. 2008ರ ಮಾರ್ಚಿನಿಂದ ಅದು ಯಾವ ಐಪಿ ಕೇಳಿದರೂ ಪಟ್ಟಿಯಲ್ಲಿದೆ ಎಂದೇ ಉತ್ತರ ಕೊಡತೊಡಗಿತು. 2021ರ ಜನವರಿ ಕೊನೆಯಲ್ಲಿ ಸ್ಪ್ಯಾಮ್‌ಕಾಪ್‌ನ ಡೊಮೈನ್ ಅವಧಿ ಮುಗಿದು, ಸ್ವಲ್ಪ ಹೊತ್ತು ಎಲ್ಲ ಪ್ರಶ್ನೆಗೂ ಯಾವುದೋ ಐಪಿ ಉತ್ತರವಾಗಿ ಬರುತ್ತಿತ್ತು. 127.0.0.2 ಬಂದರೆ ಮಾತ್ರ ನಂಬು ಎಂದು ಬರೆದಿದ್ದವರಿಗೆ ಅವತ್ತು ಏನೂ ಆಗಲಿಲ್ಲ. ಬರೆಯದವರ ಮೇಲೆಲ್ಲ ವಾಪಸ್ ಹೋಯಿತು. ಎಷ್ಟೋ ಹಳೆಯ ಮಾರ್ಗದರ್ಶಿಗಳಲ್ಲಿ ಕಾಣುವ ಸೋರ್ಬ್ಸ್ ಕೂಡ 2024ರ ಜೂನಿನಲ್ಲಿ ಬಾಗಿಲು ಹಾಕಿತು.

ಹೆಜ್ಜೆ 3: ಪೋಸ್ಟ್‌ಸ್ಕ್ರೀನ್ ಚಾಲೂ ಮಾಡಿ

ಪೋಸ್ಟ್‌ಫಿಕ್ಸ್ 2.8ರಿಂದ ಪೋಸ್ಟ್‌ಸ್ಕ್ರೀನ್ ಎಂಬ ಭಾಗ ಜೊತೆಗೇ ಬರುತ್ತದೆ. 25ನೇ ಪೋರ್ಟಿಗೆ ಬಂದವರನ್ನು ಮೊದಲು ಅದು ಮಾತಾಡಿಸುತ್ತದೆ. ಸರಿ ಅನ್ನಿಸಿದವರನ್ನು ಮಾತ್ರ ನಿಜವಾದ ಎಸ್‌ಎಂಟಿಪಿ ಸರ್ವರಿಗೆ (ಮೇಲ್ ತೆಗೆದುಕೊಳ್ಳುವ ಭಾಗ) ದಾಟಿಸುತ್ತದೆ. ಪಟ್ಟಿಗಳಿಗೆ ಅಂಕ ಕೊಡುವ ಸೌಲಭ್ಯ ಇರುವುದು ಇದರಲ್ಲೇ.

/ಇಟಿಸಿ/ಪೋಸ್ಟ್‌ಫಿಕ್ಸ್ ಫೋಲ್ಡರಿನ ಮಾಸ್ಟರ್.ಸಿಎಫ್ ಫೈಲ್ ತೆಗೆಯಿರಿ. ಮೊದಲು ಒಂದು ಬ್ಯಾಕಪ್ ಇಟ್ಟುಕೊಳ್ಳಿ. ಎಸ್‌ಎಂಟಿಪಿ ಐನೆಟ್ ಎಂದು ಶುರುವಾಗಿ ಎಸ್‌ಎಂಟಿಪಿಡಿ ಎಂದು ಮುಗಿಯುವ ಸಾಲಿನ ಶುರುವಿನಲ್ಲಿ # ಹಾಕಿ. ಅದರ ಕೆಳಗೆ # ಹಾಕಿಟ್ಟ ನಾಲ್ಕು ಸಾಲು ಸಿದ್ಧವಾಗಿ ಸಿಗುತ್ತವೆ. ಒಂದು ಎಸ್‌ಎಂಟಿಪಿ ಐನೆಟ್‌ನದೇ ಇನ್ನೊಂದು ಸಾಲು, ಪೋಸ್ಟ್‌ಸ್ಕ್ರೀನ್ ಎಂದು ಮುಗಿಯುತ್ತದೆ. ಉಳಿದವು ಎಸ್‌ಎಂಟಿಪಿಡಿ ಪಾಸ್, ಡಿಎನ್‌ಎಸ್‌ಬ್ಲಾಗ್, ಟಿಎಲ್‌ಎಸ್‌ಪ್ರಾಕ್ಸಿ. ನಾಲ್ಕರ # ತೆಗೆಯಿರಿ. ಹಳೆಯ ಸಾಲಿನ ಕೆಳಗೆ -ಓ ಎಂದು ಶುರುವಾಗುವ ಆಯ್ಕೆಗಳಿದ್ದರೆ ಅವನ್ನು ಎಸ್‌ಎಂಟಿಪಿಡಿ ಪಾಸ್ ಸಾಲಿನ ಕೆಳಗೆ ಸರಿಸಿ. 587, 465ರ ಸಾಲುಗಳನ್ನು ಮುಟ್ಟಬೇಡಿ.

ಹೆಜ್ಜೆ 4: ಅಂಕ ಹಂಚಿ

ಈಗ ಮೇನ್.ಸಿಎಫ್ ಫೈಲ್. ಇದರಲ್ಲಿ ಕೆಳಗಿನಂತೆ ಬರೆಯಿರಿ. ಎರಡನೇ ಸಾಲಿನಿಂದ ಮುಂದೆ ಎಡಗಡೆ ಜಾಗ ಬಿಡುವುದು ಮರೆಯಬೇಡಿ, ಇಲ್ಲದಿದ್ದರೆ ಅದು ಬೇರೆಯೇ ಸೆಟ್ಟಿಂಗ್ ಎಂದಾಗುತ್ತದೆ.

ಪೋಸ್ಟ್‌ಸ್ಕ್ರೀನ್_ಡಿಎನ್‌ಎಸ್‌ಬಿಎಲ್_ಸೈಟ್ಸ್ =
  ಜೆನ್.ಸ್ಪ್ಯಾಮ್‌ಹೌಸ್.ಆರ್ಗ್=127.0.0.[2..11]*3
  ಬಿ.ಬರಾಕುಡಾಸೆಂಟ್ರಲ್.ಆರ್ಗ್=127.0.0.2*2
  ಬಿಎಲ್.ಸ್ಪ್ಯಾಮ್‌ಕಾಪ್.ನೆಟ್=127.0.0.2*1
  ಪಿಎಸ್‌ಬಿಎಲ್.ಸರ್ರಿಯೆಲ್.ಕಾಮ್=127.0.0.2*1
  ಲಿಸ್ಟ್.ಡಿಎನ್‌ಎಸ್‌ಡಬ್ಲ್ಯುಎಲ್.ಆರ್ಗ್=127.0.[0..255].[1..3]*-2
ಪೋಸ್ಟ್‌ಸ್ಕ್ರೀನ್_ಡಿಎನ್‌ಎಸ್‌ಬಿಎಲ್_ಥ್ರೆಶೋಲ್ಡ್ = 3
ಪೋಸ್ಟ್‌ಸ್ಕ್ರೀನ್_ಡಿಎನ್‌ಎಸ್‌ಬಿಎಲ್_ಆ್ಯಕ್ಷನ್ = ಇಗ್ನೋರ್

= ಗುರುತಿನ ನಂತರ ಇರುವುದು ನಂಬಬೇಕಾದ ಉತ್ತರ. ಸ್ಪ್ಯಾಮ್‌ಹೌಸ್‌ನ ಎರರ್ ಕೋಡುಗಳು 2ರಿಂದ 11ರ ಮಿತಿಯೊಳಗೆ ಬರುವುದಿಲ್ಲ, ಹಾಗಾಗಿ ಅವುಗಳಿಂದ ಯಾರ ಮೇಲೂ ನಿಲ್ಲುವುದಿಲ್ಲ. * ಗುರುತಿನ ನಂತರ ಇರುವುದು ಅಂಕ. ಒಟ್ಟು 3 ಮುಟ್ಟಿದರೆ ತಿರಸ್ಕಾರ. ಜೆನ್ ಒಂದೇ 3 ಕೊಡುತ್ತದೆ. ಬರಾಕುಡಾ ಜೊತೆಗೆ ಸ್ಪ್ಯಾಮ್‌ಕಾಪ್ ಸೇರಿದರೂ 3. ಸ್ಪ್ಯಾಮ್‌ಕಾಪ್, ಪಿಎಸ್‌ಬಿಎಲ್ ಎರಡೇ ಸೇರಿದರೆ 2, ಅದು ದಾಟುತ್ತದೆ.

ಕೊನೆಯದು ಬಿಳಿಪಟ್ಟಿ. ಹೆಸರಿರುವ ಒಳ್ಳೆಯ ಮೇಲ್ ಸರ್ವರುಗಳ ಪಟ್ಟಿ ಅದು, ಅದಕ್ಕೆ ಮೈನಸ್ ಅಂಕ. ಜೆನ್‌ನಲ್ಲಿ ಇದ್ದು ಇಲ್ಲಿಯೂ ಇದ್ದರೆ 3ರಲ್ಲಿ 2 ಕಳೆದು 1 ಉಳಿಯುತ್ತದೆ, ಮೇಲ್ ಒಳಗೆ ಬರುತ್ತದೆ. ಇದು ಬೇಡ ಅನ್ನಿಸಿದರೆ ಜೆನ್‌ಗೆ 5 ಕೊಡಿ. ನನಗೆ 3 ಸಾಕು ಅನ್ನಿಸುತ್ತದೆ. ಒಳಗೆ ಬಂದದ್ದನ್ನು ನೋಡಿಕೊಳ್ಳಲು ಸ್ಪ್ಯಾಮ್‌ಅಸ್ಯಾಸಿನ್ ಅಥವಾ ಆರ್‌ಸ್ಪ್ಯಾಮ್‌ಡಿಯಂಥ, ಮೇಲ್ ಓದಿ ತೂಗುವ ಫಿಲ್ಟರ್ ಇದ್ದೇ ಇರುತ್ತದೆ.

ಡಿಕ್ಯೂಎಸ್ ಕೀ ಬಳಸುವವರು ಇನ್ನೊಂದು ಸಣ್ಣ ಕೆಲಸ ಮಾಡಬೇಕು. ತಿರಸ್ಕಾರದ ಸಂದೇಶದಲ್ಲಿ ಪಟ್ಟಿಯ ಹೆಸರು ಕಾಣಿಸುತ್ತದೆ, ಅದರ ಜೊತೆ ನಿಮ್ಮ ಕೀ ಕೂಡ ಊರಿಗೆಲ್ಲ ಗೊತ್ತಾಗುತ್ತದೆ. ಪೋಸ್ಟ್‌ಸ್ಕ್ರೀನ್_ಡಿಎನ್‌ಎಸ್‌ಬಿಎಲ್_ರಿಪ್ಲೈ_ಮ್ಯಾಪ್ ಸೆಟ್ಟಿಂಗಿಗೆ ಒಂದು ಟೆಕ್ಸ್ಟ್‌ಹ್ಯಾಶ್ ಫೈಲ್ (ಸಾದಾ ಪಠ್ಯದ ಪಟ್ಟಿ) ಕೊಡಿ. ಅದರಲ್ಲಿ ಕೀ ಇರುವ ಉದ್ದ ಹೆಸರು, ಒಂದು ಸ್ಪೇಸ್, ಆಮೇಲೆ ಬರೀ ಜೆನ್.ಸ್ಪ್ಯಾಮ್‌ಹೌಸ್.ಆರ್ಗ್ ಎಂದು ಬರೆದರಾಯಿತು.

ಪೋಸ್ಟ್‌ಸ್ಕ್ರೀನ್_ಗ್ರೀಟ್_ಆ್ಯಕ್ಷನ್ = ಎನ್‌ಫೋರ್ಸ್ ಎಂಬುದನ್ನೂ ಸೇರಿಸಿ. ಪೋಸ್ಟ್‌ಸ್ಕ್ರೀನ್ ಹೊಸಬರನ್ನು 6 ಸೆಕೆಂಡು ಕಾಯಿಸುತ್ತದೆ. ಪಟ್ಟಿಗಳನ್ನು ಕೇಳುವುದೂ ಅಷ್ಟರಲ್ಲೇ ಮುಗಿಯುತ್ತದೆ. ತಾಳ್ಮೆಯಿಲ್ಲದೆ ಮೊದಲೇ ಮಾತು ಶುರುಮಾಡುವವರು ಸ್ಪ್ಯಾಮ್ ಬಾಟುಗಳು. ಇದಾದ ನಂತರದ ಆಳವಾದ ಪರೀಕ್ಷೆಗಳೂ ಇವೆ, ಪೈಪ್‌ಲೈನಿಂಗ್, ಬೇರ್ ನ್ಯೂಲೈನ್ ಎಂಬವು. ಅವನ್ನು ಆನ್ ಮಾಡಬೇಡಿ. ಅವು ಹೊಸಬರಿಗೆ ಈಗ ಹೋಗಿ ಆಮೇಲೆ ಬನ್ನಿ ಎನ್ನುತ್ತವೆ. ದೊಡ್ಡ ಕಂಪನಿಗಳು ಮತ್ತೆ ಬರುವಾಗ ಬೇರೆ ಐಪಿಯಿಂದ ಬರುತ್ತವೆ, ಅದಕ್ಕೂ ಅದೇ ಉತ್ತರ. ಮೇಲ್ ಗಂಟೆಗಟ್ಟಲೆ ತಡವಾಗುತ್ತದೆ. ಓಟಿಪಿಗೆ ಕಾದು ಕೂತವರು ನಿಮಗೆ ಫೋನ್ ಮಾಡುತ್ತಾರೆ.

ಹೆಜ್ಜೆ 5: ಸುಮ್ಮನೆ ಗಮನಿಸಿ

ಪೋಸ್ಟ್‌ಫಿಕ್ಸ್ ಚೆಕ್ ಕಮಾಂಡ್ ಕೊಟ್ಟು ತಪ್ಪಿದೆಯಾ ನೋಡಿ, ಆಮೇಲೆ ಪೋಸ್ಟ್‌ಫಿಕ್ಸ್ ರೀಲೋಡ್. ಆ್ಯಕ್ಷನ್ ಇನ್ನೂ ಇಗ್ನೋರ್ ಎಂದೇ ಇದೆ, ಹಾಗಾಗಿ ಪಟ್ಟಿ ನೋಡಿ ಯಾವ ಮೇಲನ್ನೂ ತಡೆಯುವುದಿಲ್ಲ. ಲಾಗಿನಲ್ಲಿ ಬರೆಯುತ್ತದೆ ಅಷ್ಟೇ. ಒಂದು ವಾರ ಹೀಗೇ ಬಿಡಿ. ತಿಂಗಳ ಮೊದಲ ವಾರ ಸಿಕ್ಕರೆ ಇನ್ನೂ ಒಳ್ಳೆಯದು, ಬ್ಯಾಂಕು, ಬಿಲ್ಲು, ಸಂಬಳದ ಮೇಲ್‌ಗಳೆಲ್ಲ ಆಗಲೇ ಬರುವುದು.

ಆರ್‌ಸಿಸ್‌ಲಾಗ್ ಇರುವ ಡೆಬಿಯನ್‌ನಲ್ಲಿ ಲಾಗ್ ಇರುವುದು /ವಾರ್/ಲಾಗ್/ಮೇಲ್.ಲಾಗ್ ಫೈಲಿನಲ್ಲಿ. ಅದಿಲ್ಲದ ಹೊಸ ಡೆಬಿಯನ್‌ನಲ್ಲಿ ಜರ್ನಲ್‌ಸಿಟಿಎಲ್ ಕಮಾಂಡ್ ಕೊಟ್ಟು ನೋಡಿ. ಡಿಎನ್‌ಎಸ್‌ಬ್ಲಾಗ್ ಬರೆಯುವ ಸಾಲಿನಲ್ಲಿ ಯಾವ ಐಪಿ ಯಾವ ಪಟ್ಟಿಯಲ್ಲಿ ಸಿಕ್ಕಿತು, ಯಾವ ಕೋಡ್ ಬಂತು ಎಂದು ಇರುತ್ತದೆ. ಡಿಎನ್‌ಎಸ್‌ಬಿಎಲ್ ರ‍್ಯಾಂಕ್ ಎಂಬ ಸಾಲು ಕಂಡರೆ ಆ ಐಪಿ ಮಿತಿ ಮುಟ್ಟಿದೆ. ಸಾಲು ಹುಡುಕುವ ಗ್ರೆಪ್ ಕಮಾಂಡ್ ಹಾಕಿ ಆ ಐಪಿಗಳನ್ನೆಲ್ಲ ಬೇರೆ ಮಾಡಿಕೊಳ್ಳಿ. ಒಂದೊಂದರ ರಿವರ್ಸ್ ಹೆಸರು ನೋಡಿ. ಪರಿಚಯದ ಬ್ಯಾಂಕಿನದೋ, ಗ್ರಾಹಕರದೋ ಹೆಸರು ಕಂಡರೆ ಅಲ್ಲಿ ನಿಲ್ಲಿ. ಯಾವ ಪಟ್ಟಿಯಿಂದ ಹಾಗಾಯಿತು ನೋಡಿ, ಅದರ ಅಂಕ ಇಳಿಸಿ.

ತೃಪ್ತಿಯಾದ ಮೇಲೆ ಇಗ್ನೋರ್ ತೆಗೆದು ಎನ್‌ಫೋರ್ಸ್ ಮಾಡಿ. ಡ್ರಾಪ್ ಎಂಬ ಆಯ್ಕೆಯೂ ಇದೆ, ಅದು ತಕ್ಷಣ ಸಂಪರ್ಕ ಕತ್ತರಿಸುತ್ತದೆ. ಎನ್‌ಫೋರ್ಸ್‌ನಲ್ಲಿ ಕಳಿಸಿದವರು ಯಾರು, ಯಾರಿಗೆ ಎಂಬುದು ಲಾಗಿನಲ್ಲಿ ಉಳಿಯುತ್ತದೆ. ನಿನ್ನೆ ಕಳಿಸಿದ ಮೇಲ್ ಬಂದೇ ಇಲ್ಲ ಎಂದು ಯಾರಾದರೂ ಕೇಳಿದಾಗ ಉತ್ತರ ಹೇಳಲು ಅದೇ ಬೇಕು. ಸ್ಪ್ಯಾಮ್ ಫೋಲ್ಡರಿಗೆ ತಳ್ಳುವುದಕ್ಕಿಂತ ಬಾಗಿಲಲ್ಲೇ 550 ಎಂದು ತಿರಸ್ಕರಿಸುವುದು ಒಂದು ಲೆಕ್ಕದಲ್ಲಿ ಮರ್ಯಾದೆಯ ಕೆಲಸ. ನಿಜವಾದ ಮನುಷ್ಯ ಕಳಿಸಿದ್ದರೆ ಅವರಿಗೆ ಬೌನ್ಸ್ ಹೋಗುತ್ತದೆ, ಮೇಲ್ ತಲುಪಿಲ್ಲ ಎಂದು ಗೊತ್ತಾಗುತ್ತದೆ.

ಹೆಜ್ಜೆ 6: ವಿನಾಯಿತಿ ಪಟ್ಟಿ

ಪೋಸ್ಟ್‌ಸ್ಕ್ರೀನ್_ಆಕ್ಸೆಸ್_ಲಿಸ್ಟ್ ಸೆಟ್ಟಿಂಗಿನಲ್ಲಿ ಪರ್ಮಿಟ್_ಮೈನೆಟ್‌ವರ್ಕ್ಸ್ ನಂತರ ಒಂದು ಸಿಐಡಿಆರ್ ಫೈಲಿನ (ಐಪಿ ವಿಳಾಸಗಳ ಪಟ್ಟಿಯ ಫೈಲ್) ಹೆಸರು ಕೊಡಿ. ಆ ಫೈಲಿನಲ್ಲಿ ಸಾಲಿಗೊಂದರಂತೆ ಐಪಿ, ಮುಂದೆ ಪರ್ಮಿಟ್ ಎಂದು ಬರೆಯಿರಿ. ಇಲ್ಲಿ ಐಪಿ ಮಾತ್ರ ನಡೆಯುತ್ತದೆ. ಕಳಿಸಿದವರ ಇಮೇಲ್ ವಿಳಾಸ ಹಾಕಿದರೆ ಉಪಯೋಗವಿಲ್ಲ, ಏಕೆಂದರೆ ಪಟ್ಟಿ ನೋಡುವ ಹೊತ್ತಿಗೆ ಅದು ಗೊತ್ತೇ ಆಗಿರುವುದಿಲ್ಲ. ಸಾಲಿನ ಮೇಲೆ # ಹಾಕಿ ಯಾರಿಗಾಗಿ, ಯಾವತ್ತು ಸೇರಿಸಿದಿರಿ ಎಂದು ಬರೆದಿಡಿ. ಎರಡು ವರ್ಷ ಕಳೆದ ಮೇಲೆ ಆ ಐಪಿ ಯಾರದು ಎಂದು ಯಾರಿಗೂ ನೆನಪಿರುವುದಿಲ್ಲ.

ಸಿಕ್ಕಿಬಿದ್ದವರು ಫೋನ್ ಮಾಡಿದರೆ ಬೌನ್ಸಿನಲ್ಲಿರುವ ಐಪಿಯನ್ನು ಅವರ ಮೇಲ್ ನೋಡಿಕೊಳ್ಳುವವರಿಗೆ ತಿಳಿಸಲು ಹೇಳಿ. ಪಟ್ಟಿಯಿಂದ ತೆಗೆಸಬೇಕಾದವರು ಅವರೇ. ಸ್ಪ್ಯಾಮ್‌ಹೌಸ್‌ನಲ್ಲಿ ಅದಕ್ಕೆ ದುಡ್ಡು ಕೊಡಬೇಕಿಲ್ಲ.

ಮೇಲ್ ನೇರವಾಗಿ ಬರದೆ ಬ್ಯಾಕಪ್ ಎಂಎಕ್ಸ್ (ಮುಖ್ಯ ಸರ್ವರ್ ಸಿಗದಾಗ ಮೇಲ್ ತೆಗೆದುಕೊಳ್ಳುವ ಇನ್ನೊಂದು ಸರ್ವರ್) ಅಥವಾ ಬೇರೆ ಫಾರ್ವರ್ಡರ್ ಮೂಲಕ ಬರುತ್ತಿದ್ದರೆ ಈ ಇಡೀ ಏರ್ಪಾಡು ಕೆಲಸ ಮಾಡುವುದಿಲ್ಲ. ನಿಮಗೆ ಕಾಣುವುದು ನಡುವಿನ ಸರ್ವರಿನ ಐಪಿ ಮಾತ್ರ. ಆಗ ಅದೇ ಪಟ್ಟಿಗಳನ್ನು ಬ್ಯಾಕಪ್ ಎಂಎಕ್ಸ್‌ನಲ್ಲೂ ಹಾಕಬೇಕು. ಇಲ್ಲವೇ ಸ್ಪ್ಯಾಮ್‌ಅಸ್ಯಾಸಿನ್‌ನ ಟ್ರಸ್ಟೆಡ್_ನೆಟ್‌ವರ್ಕ್ಸ್, ಇಂಟರ್ನಲ್_ನೆಟ್‌ವರ್ಕ್ಸ್ ಸೆಟ್ಟಿಂಗುಗಳಿಗೆ ಆ ಐಪಿ ಕೊಟ್ಟು, ಅದರ ಹಿಂದಿನ ಐಪಿಯನ್ನು ಪರೀಕ್ಷಿಸುವಂತೆ ಮಾಡಬೇಕು. ಬ್ಯಾಕಪ್ ಎಂಎಕ್ಸ್ ಬೇಕೇ ಬೇಕಾ ಅಂತಲೂ ಯೋಚಿಸಿ. ಸ್ಪ್ಯಾಮ್ ಕಳಿಸುವವರು ಬೇಕೆಂದೇ ಅಲ್ಲಿಗೆ ಹೋಗುತ್ತಾರೆ.

ಹೆಜ್ಜೆ 7: ಡೊಮೈನ್ ಪಟ್ಟಿ

ಐಪಿಯಲ್ಲದೆ ಡೊಮೈನ್ ಹೆಸರುಗಳ ಪಟ್ಟಿಯೂ ಇದೆ, ಸ್ಪ್ಯಾಮ್‌ಹೌಸ್‌ನ ಡಿಬಿಎಲ್. ಇದನ್ನು ಹಾಕುವುದು ಪೋಸ್ಟ್‌ಸ್ಕ್ರೀನ್‌ನಲ್ಲಿ ಅಲ್ಲ, ಎಸ್‌ಎಂಟಿಪಿಡಿ_ರೆಸಿಪಿಯೆಂಟ್_ರೆಸ್ಟ್ರಿಕ್ಷನ್ಸ್‌ನಲ್ಲಿ. ಅಲ್ಲಿ ಸಾಲಿನ ಕ್ರಮವೇ ಮುಖ್ಯ. ಮೊದಲು ಪರ್ಮಿಟ್_ಮೈನೆಟ್‌ವರ್ಕ್ಸ್, ನಂತರ ಪರ್ಮಿಟ್_ಎಸ್‌ಎಎಸ್‌ಎಲ್_ಅಥೆಂಟಿಕೇಟೆಡ್, ನಂತರ ರಿಜೆಕ್ಟ್_ಅನ್‌ಆತ್_ಡೆಸ್ಟಿನೇಶನ್. ಇವು ಮೂರೂ ಆದ ಮೇಲೆ ರಿಜೆಕ್ಟ್_ಆರ್‌ಎಚ್‌ಎಸ್‌ಬಿಎಲ್_ಸೆಂಡರ್ ಡಿಬಿಎಲ್.ಸ್ಪ್ಯಾಮ್‌ಹೌಸ್.ಆರ್ಗ್=127.0.1.[2..99] ಎಂದು ಬರೆಯಿರಿ. ಕ್ರಮ ತಪ್ಪಿ ಮೇಲೆ ಹಾಕಿದರೆ ನಿಮ್ಮದೇ ಬಳಕೆದಾರರಿಗೂ ಈ ಪರೀಕ್ಷೆ ತಗಲುತ್ತದೆ. 99ಕ್ಕೆ ನಿಲ್ಲಿಸಲು ಕಾರಣವಿದೆ. 102ರಿಂದ ಮುಂದಿನ ಕೋಡುಗಳು ಹ್ಯಾಕ್ ಆದ ಒಳ್ಳೆಯ ಸೈಟುಗಳದು. ಶುರುವಿನ ದಿನಗಳಲ್ಲಿ ಈ ರಿಜೆಕ್ಟ್ ಪದಕ್ಕಿಂತ ಮೊದಲು ವಾರ್ನ್_ಇಫ್_ರಿಜೆಕ್ಟ್ ಸೇರಿಸಿದರೆ ಎಚ್ಚರಿಕೆ ಮಾತ್ರ ಲಾಗಿಗೆ ಬರುತ್ತದೆ.

ಇದೇ ಜಾಗದಲ್ಲಿ ರಿಜೆಕ್ಟ್_ಆರ್‌ಬಿಎಲ್_ಕ್ಲೈಂಟ್ ಎಂದು ಐಪಿ ಪಟ್ಟಿಗಳನ್ನು ಮತ್ತೊಮ್ಮೆ ಹಾಕಿರುವುದು ಎಷ್ಟೋ ಸರ್ವರುಗಳಲ್ಲಿ ಕಾಣುತ್ತದೆ. ತೆಗೆದುಬಿಡಿ. ಅಲ್ಲಿ ಅಂಕ ಇಲ್ಲ, ಸಿಕ್ಕರೆ ನೇರ ತಿರಸ್ಕಾರ. ಪೋಸ್ಟ್‌ಸ್ಕ್ರೀನ್‌ನಲ್ಲಿ ತೂಗಿ ಒಳಗೆ ಬಿಟ್ಟದ್ದನ್ನು ಎರಡು ಹೆಜ್ಜೆ ಆದ ಮೇಲೆ ಮತ್ತೆ ಹೊರಗೆ ತಳ್ಳಿದ ಹಾಗಾಗುತ್ತದೆ.

ಆಮೇಲಿನ ನಿಗಾ

ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್‌ನಲ್ಲಿ ದಿನಕ್ಕೊಮ್ಮೆ ಓಡುವ ಒಂದು ಸಣ್ಣ ಸ್ಕ್ರಿಪ್ಟ್ ಸಾಕು. ಬಳಸುವ ಪ್ರತಿ ಐಪಿ ಬ್ಲಾಕ್‌ಲಿಸ್ಟಿಗೂ (ಡಿಬಿಎಲ್ ಬಿಟ್ಟು) 2.0.0.127 ಮತ್ತು 1.0.0.127 ಎರಡನ್ನೂ ಕೇಳಲಿ. ಮೊದಲನೆಯದಕ್ಕೆ ಉತ್ತರ ಬರದಿದ್ದರೆ ಅಥವಾ ಎರರ್ ಕೋಡ್ ಬಂದರೆ ಪಟ್ಟಿ ಸತ್ತಿದೆ ಅಥವಾ ನಿಮ್ಮನ್ನು ತಡೆದಿದ್ದಾರೆ. ಎರಡನೆಯದಕ್ಕೆ ಎರರ್ ಕೋಡ್ ಅಲ್ಲದ ಉತ್ತರ ಬಂದರೆ ಪಟ್ಟಿ ಹುಚ್ಚೆದ್ದಿದೆ, ಆ ಸಾಲನ್ನು ತಕ್ಷಣ ತೆಗೆಯಿರಿ. ಎಚ್ಚರಿಕೆಯ ಸಂದೇಶ ಇದೇ ಸರ್ವರಿನ ಮೇಲ್‌ಬಾಕ್ಸಿಗೆ ಬರುವ ಹಾಗೆ ಮಾಡಬೇಡಿ, ಫೋನಿಗೆ ಬರಲಿ. ಅದೇ ಸ್ಕ್ರಿಪ್ಟಿನಲ್ಲಿ ನಿಮ್ಮ ಸರ್ವರಿನ ಐಪಿಯನ್ನೂ ಕೇಳಿಸಿ. ಯಾರೋ ಒಬ್ಬರ ಪಾಸ್‌ವರ್ಡ್ ಕದ್ದು ರಾತ್ರಿಯಿಡೀ ನಿಮ್ಮ ಸರ್ವರಿನಿಂದ ಸ್ಪ್ಯಾಮ್ ಹೋಗಿದ್ದರೆ, ಬಹಳ ಸಲ ಮೊದಲು ತಿಳಿಯುವುದು ಹೀಗೆಯೇ. ಪಟ್ಟಿಯಿಂದ ತೆಗೆಯಿರಿ ಎಂದು ಕೇಳುವ ಮೊದಲು ಆ ಖಾತೆಯ ಪಾಸ್‌ವರ್ಡ್ ಬದಲಿಸಿ, ಪೋಸ್ಟ್‌ಕ್ಯೂ -ಪಿ ಕೊಟ್ಟು ಕ್ಯೂನಲ್ಲಿ ಉಳಿದ ಕಸವನ್ನು ನೋಡಿ, ಪೋಸ್ಟ್‌ಸೂಪರ್ -ಡಿ ಕೊಟ್ಟು ಅದನ್ನೂ ಅಳಿಸಿ. ಹಾಗೆ ಮಾಡದಿದ್ದರೆ ಮರುದಿನ ಮತ್ತೆ ಪಟ್ಟಿಗೆ ಸೇರುತ್ತೀರಿ.